ದೋಣಿಗೊಂದು ಊದುಗೊಳವೆ

ಆಡಿ ಹದಿನೆಂಟು ಬಂತೆಂದರೆ ಸೇಲಂ ಜಿಲ್ಲೆಯ ಎಡಪ್ಪಾಡಿ ಸೀಮೆಯ ಕಾವೇರಿ ದಡದಲ್ಲಿ ದೀಪ, ಹೂವು, ಜನಜಾತ್ರೆ. ಜನ ಹೆಚ್ಚಿದಷ್ಟೂ ದೋಣಿಯ ಬಾಲದಲ್ಲಿ ಕರಿಹೊಗೆ. ಹೊಗೆ ಕಂಡ ಕೂಡಲೇ ಕೈ ಹೋಗುವುದು ಡೀಸೆಲ್ ಸ್ಕ್ರೂಗೆ. ಆದರೆ ಈ ರೋಗಕ್ಕೆ ಮದ್ದು ಡೀಸೆಲ್‌ನಲ್ಲಿಲ್ಲ, ಗಾಳಿಯಲ್ಲಿದೆ. ಸೌದೆ ಒಲೆಯ ಮುಂದೆ ಕೂತ ಅಜ್ಜಿಗೆ ಇದು ಎಂದೋ ಗೊತ್ತಿತ್ತು!

ಪೂಲಾಂಪಟ್ಟಿಯ ದೋಣಿಕಟ್ಟೆ. ಬೆಳಗಿನ ಏಳು ಗಂಟೆ. ತಮಿಳರ ಆಡಿ ತಿಂಗಳ ಹದಿನೆಂಟನೇ ದಿನ.

ಮೆಟ್ಟಿಲುಗಳ ತುಂಬ ಹೆಂಗಸರು. ತಟ್ಟೆಯಲ್ಲಿ ಅರಿಸಿನದ ದಾರ, ಬಳೆ, ಹೂವು, ಹಣತೆ. ಪಕ್ಕದಲ್ಲಿ ಬುತ್ತಿ: ಹುಣಿಸೆ ಅನ್ನ, ನಿಂಬೆ ಅನ್ನ, ತೆಂಗಿನಕಾಯಿ ಅನ್ನ, ಮೊಸರನ್ನ. ಕಾವೇರಿ ಈ ತಿಂಗಳು ಬಸುರಿ, ಅವಳ ಬಯಕೆ ತೀರಿಸಬೇಕು ಎಂಬುದು ಇಲ್ಲಿನ ನಂಬಿಕೆ. ನಮ್ಮಲ್ಲಿ ಕನ್ನಂಬಾಡಿ ತುಂಬಿದರೆ ಮುಖ್ಯಮಂತ್ರಿ ಹೋಗಿ ಬಾಗಿನ ಬಿಡುತ್ತಾರೆ. ಇಲ್ಲಿ ಮನೆಮನೆಯವರೂ ಬಿಡುತ್ತಾರೆ.

ಆಚೆ ದಡದಲ್ಲಿ ನೆರಿಂಜಿಪೇಟೆ, ಈರೋಡು ಜಿಲ್ಲೆ. ಈಚೆ ಸೇಲಂ. ನಡುವೆ ದೋಣಿ. ದಿನವೂ ಶಾಲೆಯ ಚೀಲ, ಸೊಪ್ಪಿನ ಬುಟ್ಟಿ, ನೂಲಿನ ಗಂಟು, ಸಾಲದ್ದಕ್ಕೆ ಮೋಟಾರ್ ಬೈಕು ಕೂಡ ಹೊಳೆ ದಾಟುತ್ತವೆ. ರಸ್ತೆಯಲ್ಲಿ ಹೋಗಬೇಕೆಂದರೆ ಊರೂರು ಬಳಸಬೇಕು. ದೋಣಿಯಲ್ಲಾದರೆ ಎಲೆ ಅಡಿಕೆ ಮೆದ್ದು ಮುಗಿಯುವಷ್ಟರಲ್ಲಿ ಆಚೆ ದಡ.

ಇಂಥ ಕಟ್ಟೆಯ ಮೇಲೆ ನಿಂತು ನೋಡಿದರೆ ಒಂದು ಆಟ ಮತ್ತೆ ಮತ್ತೆ ಕಾಣುತ್ತದೆ. ಖಾಲಿ ದೋಣಿ ಬರುವಾಗ ಅದರ ಹೊಗೆಕೊಳವೆಯ ಬಾಯಲ್ಲಿ ಏನೂ ಇಲ್ಲ, ಬಿಸಿಗಾಳಿ ನಡುಗುವುದಷ್ಟೇ. ಅದೇ ದೋಣಿ ಜನರನ್ನು ತುಂಬಿಕೊಂಡು ಹೊರಟಿತೋ, ಡಬಡಬ ಸದ್ದು ಭಾರವಾಗುತ್ತದೆ. ಕೊಳವೆಯಿಂದ ಕರಿಯ ಜಡೆಯೊಂದು ಎದ್ದು ನೀರಿನ ಮೇಲೆ ಬಿಚ್ಚಿಕೊಳ್ಳುತ್ತದೆ. ಗಾಳಿ ತಿರುಗಿತೆಂದರೆ ಹಿಂದೆ ಕೂತವರ ಬಿಳಿ ಪಂಚೆಯ ಮೇಲೆ ಮಸಿಯ ಚುಕ್ಕೆ.

ಪಂಚೆ ಒಗೆದರೆ ಮಸಿ ಹೋದೀತು. ಆ ಮಸಿ ಹುಟ್ಟಿದ್ದೇಕೆ? ದೋಣಿ ಅದೇ, ಎಂಜಿನ್ ಅದೇ, ಡೀಸೆಲ್ ಅದೇ. ಹತ್ತು ನಿಮಿಷದ ಹಿಂದೆ ಇಲ್ಲದ ಹೊಗೆ ಈಗ ಎಲ್ಲಿಂದ ಬಂತು?

ಹೊಗೆಯ ಹೆಸರಿನ ಹೊಳೆ

ಈ ಸೀಮೆಗೂ ಕನ್ನಡಕ್ಕೂ ಹಳೆಯ ನಂಟು. ಸೇಲಂ ಜಿಲ್ಲೆಯ ಮಗ್ಗದ ಊರುಗಳಲ್ಲಿ ದೇವಾಂಗರ ಎಷ್ಟೋ ಮನೆಗಳ ಒಳಮಾತು ಇಂದಿಗೂ ಕನ್ನಡವೇ. ಮನೆದೇವತೆ ಚೌಡೇಶ್ವರಿ. ಬೀದಿಯಲ್ಲಿ ತಮಿಳು, ಮಗ್ಗದ ಹತ್ತಿರ ಕನ್ನಡ. ಎಡಪ್ಪಾಡಿಯೂ ನೂಲು ಮತ್ತು ಮಗ್ಗಗಳ ಊರು.

ಹೊಳೆಯ ಮೇಲ್ಗಡೆ ಧರ್ಮಪುರಿ ಜಿಲ್ಲೆಯ ಹೊಗೆನಕಲ್. ತಮಿಳರ ಬಾಯಲ್ಲಿ ಒಗೇನಕ್ಕಲ್. ಹೆಸರು ಬಿಡಿಸಿದರೆ ನಮ್ಮದೇ ಎರಡು ಮಾತು: ಹೊಗೆ, ಕಲ್ಲು. ಬಂಡೆಗೆ ಬಡಿದ ನೀರು ಹೊಗೆಯಂತೆ ಏಳುವುದನ್ನು ಕಂಡು ಇಟ್ಟ ಹೆಸರು. ಅಲ್ಲಿ ಪ್ರವಾಸಿಗರನ್ನು ಸುತ್ತಿಸುವುದು ಹರಿಗೋಲು. ಹುಟ್ಟು ಹಾಕುವ ತೋಳೇ ಅದರ ಎಂಜಿನ್. ಹೊಗೆ ಎಂದರೆ ಅಲ್ಲಿ ನೀರಿನ ಹನಿ ಮಾತ್ರ.

ಅಲ್ಲಿಂದ ಕೆಳಗೆ ಕಾವೇರಿ ಮೆಟ್ಟೂರು ಜಲಾಶಯ ಸೇರುತ್ತಾಳೆ. 1925ರಲ್ಲಿ ಶುರುವಾಗಿ 1934ರಲ್ಲಿ ಮುಗಿದ ಅಣೆಕಟ್ಟು, ಪೂರ್ಣ ಮಟ್ಟ 120 ಅಡಿ, ಸಾಮರ್ಥ್ಯ 93.47 ಟಿಎಂಸಿ. ನೀರು ತುಂಬಿದಾಗ ಊರುಗಳು ಮುಳುಗಿದವು, ಇಂದಿನ ಎರಡು ಜಿಲ್ಲೆಗಳ ನಡುವೆ ನೀರಿನ ಬಯಲು ಹರಡಿತು. ಧರ್ಮಪುರಿ ಕಡೆಯ ನಾಗಮರೈಯಿಂದ ಸೇಲಂ ಕಡೆಯ ಪಣ್ಣವಾಡಿಗೆ ಹೋಗಲು ದೋಣಿಯೇ ಹತ್ತಿರದ ದಾರಿಯಾಯಿತು. ಬೇಸಿಗೆಯಲ್ಲಿ ನೀರು ಇಳಿದರೆ ಮುಳುಗಿದ ಗುಡಿಯ ನಂದಿಯೂ ಹಳೆಯ ಇಗರ್ಜಿಯ ಗೋಪುರವೂ ತಲೆ ಎತ್ತುತ್ತವೆ.

ಮೆಟ್ಟೂರಿನ ಕೆಳಗೆ ಸಾಲಾಗಿ ಬ್ಯಾರೇಜುಗಳು: ಚೆಕ್ಕಾನೂರು, ನೆರಿಂಜಿಪೇಟೆ, ಕುದಿರೈಕಲ್‌ಮೇಡು, ಊರಾಚ್ಚಿಕೋಟೆ. ವಿದ್ಯುತ್ತಿಗಾಗಿ ತಡೆದ ನೀರು ಪೂಲಾಂಪಟ್ಟಿಯ ಬಳಿ ಕೆರೆಯಂತೆ ನಿಂತಿರುತ್ತದೆ. ತೆಂಗಿನ ಸಾಲು, ಗುಡ್ಡ, ನಿಂತ ನೀರು, ದೋಣಿ. ಜನ ಅದನ್ನು ‘ಕುಟ್ಟಿ ಕೇರಳ’ ಎನ್ನುತ್ತಾರೆ. ಸಿನಿಮಾದವರೂ ಹುಡುಕಿಕೊಂಡು ಬಂದಿದ್ದಾರೆ.

ಹೀಗೆ ನೀರನ್ನು ನಿಲ್ಲಿಸಿದವರೂ ನಾವೇ, ನಿಂತ ನೀರನ್ನು ದಾಟಲು ಎಂಜಿನ್ ತಂದವರೂ ನಾವೇ. ಹೊಗೆ ಅದರ ಬೆನ್ನಿಗೇ ಬಂತು.

ಲಾಟೀನಿನ ಪಾಠ

ಕರೆಂಟು ಹೋದ ರಾತ್ರಿಗಳನ್ನು ಕಂಡವರಿಗೆ ಲಾಟೀನು ನೆನಪಿರಬೇಕು. ಬೆಳಕು ಸಾಲದೆಂದು ಬತ್ತಿ ಏರಿಸಿದರೆ ಸ್ವಲ್ಪ ದೂರ ಬೆಳಕು ಹೆಚ್ಚುತ್ತದೆ. ಇನ್ನೂ ಏರಿಸಿದರೆ ಉರಿಯ ತುದಿ ಕೆಂಪಾಗಿ ಸೀಳುತ್ತದೆ, ಗಾಜು ಕಪ್ಪಾಗುತ್ತದೆ, ಇದ್ದ ಬೆಳಕೂ ಹೋಗುತ್ತದೆ. ಸೀಮೆಎಣ್ಣೆ ಹೆಚ್ಚಾಯಿತು, ಬುಡದ ತೂತುಗಳಿಂದ ಬರುವ ಗಾಳಿ ಹೆಚ್ಚಲಿಲ್ಲ. ಉರಿಯದೆ ಉಳಿದ ಇಂಗಾಲವೇ ಮಸಿ.

ಬೇಕೆಂದೇ ಮಸಿ ಮಾಡುವವರೂ ಇದ್ದರು. ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಹಾಕಿ ಕಾಡಿಗೆ ಹಿಡಿಯುತ್ತಿದ್ದ ಅಜ್ಜಿ ಮಾಡುತ್ತಿದ್ದುದು ಅದೇ: ಉರಿಗೆ ಗಾಳಿ ಕಮ್ಮಿ ಮಾಡಿ, ತಣ್ಣನೆಯ ತಟ್ಟೆಗೆ ಇಂಗಾಲ ಅಂಟಿಸುವುದು. ಅದೇ ಅಜ್ಜಿ ಒಲೆಯಲ್ಲಿ ಹಸಿ ಸೌದೆ ಹೊಗೆಯಾಡಿದರೆ ಇನ್ನೆರಡು ಸೌದೆ ತುರುಕುತ್ತಿರಲಿಲ್ಲ. ಊದುಗೊಳವೆ ಎತ್ತಿಕೊಂಡು ಬುಡಕ್ಕೆ ಗಾಳಿ ಊದುತ್ತಿದ್ದಳು. ಭಗ್ಗನೆ ಉರಿ, ಹೊಗೆ ಮಾಯ.

ದೋಣಿಯ ಡೀಸೆಲ್ ಎಂಜಿನ್ ಒಳಗೂ ನಡೆಯುವುದು ಇಷ್ಟೇ. ಒಲೆ ಕಬ್ಬಿಣದ್ದು, ವೇಗ ವಿಪರೀತ.

ಲೆಕ್ಕ ನೋಡಿ. 1 ಲೀಟರ್ ಡೀಸೆಲ್ ಪೂರ್ತಿ ಉರಿಯಲು ಹತ್ತಿರ ಹತ್ತಿರ 12 ಕಿಲೋ ಗಾಳಿ ಬೇಕು. ಅಂದರೆ ಸುಮಾರು 10,000 ಲೀಟರ್. ಇದು ಪುಸ್ತಕದ ಲೆಕ್ಕ. ಎಂಜಿನ್ ಒಳಗೆ ಡೀಸೆಲ್ಲೂ ಗಾಳಿಯೂ ಬೆರೆಯಲು ಸಿಗುವ ಸಮಯ ಬಲು ಕಡಿಮೆ. ಆದ್ದರಿಂದ ಲೆಕ್ಕಕ್ಕಿಂತ ಮೂರನೇ ಒಂದು ಪಾಲಾದರೂ ಹೆಚ್ಚು ಗಾಳಿ ಇದ್ದರೆ ಮಾತ್ರ ಹೊಗೆ ಅಂಕೆಯಲ್ಲಿರುತ್ತದೆ.

ಸಮಯ ಎಷ್ಟು ಕಡಿಮೆ? ನಿಮಿಷಕ್ಕೆ 1,500 ಸುತ್ತಿನ 5 ಅಶ್ವಶಕ್ತಿಯ ಒಂಟಿ ಸಿಲಿಂಡರ್ ಎಂಜಿನ್ ತೆಗೆದುಕೊಳ್ಳಿ. ನಮ್ಮ ಹೊಲದ ಪಂಪ್‌ಸೆಟ್‌ಗೆ ಕೂರಿಸುತ್ತಿದ್ದ ಜಾತಿಯದು. ಒಂದು ಸುತ್ತಿಗೆ ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗ. ಎರಡು ಸುತ್ತಿಗೊಮ್ಮೆ ನಾಝಲ್ ಡೀಸೆಲ್ ಚಿಮ್ಮುತ್ತದೆ. ಪೂರ್ತಿ ಹೊರೆಯಲ್ಲೂ ಒಂದು ಸಲಕ್ಕೆ ಚಿಮ್ಮುವುದು ಸುಮಾರು ಅರ್ಧ ಹನಿ. ಸೆಕೆಂಡಿನ ಕೆಲವೇ ಸಾವಿರದ ಭಾಗಗಳಲ್ಲಿ ಆ ಅರ್ಧ ಹನಿ ಮಂಜಾಗಿ, ಆವಿಯಾಗಿ, ಗಾಳಿ ಹುಡುಕಿ, ಹೊತ್ತಿಕೊಂಡು ಮುಗಿಯಬೇಕು. ಗಾಳಿ ಸಿಗದ ಜಾಗದಲ್ಲಿ ಸಿಕ್ಕಿಬಿದ್ದ ಡೀಸೆಲ್ ಶಾಖಕ್ಕೆ ಒಡೆದು ಇಂಗಾಲದ ಸೂಕ್ಷ್ಮ ಕಣವಾಗುತ್ತದೆ. ಹೀಗೆ ಹುಟ್ಟಿದ ಮಸಿಯಲ್ಲಿ ಬಹುಪಾಲು ಅಲ್ಲೇ ಮತ್ತೆ ಗಾಳಿ ಸಿಕ್ಕಿ ಸುಟ್ಟುಹೋಗುತ್ತದೆ. ಸಿಗದೇ ಹೋದದ್ದು ಪಂಚೆಯ ಮೇಲೆ ಕೂರುತ್ತದೆ.

ಬಾಕ್ಸ್: ಬಣ್ಣ ನೋಡಿ ರೋಗ ಹೇಳಿ

• ಕಪ್ಪು ಹೊಗೆ: ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಅತಿ ಹೊರೆ, ಕಟ್ಟಿಕೊಂಡ ಏರ್ ಫಿಲ್ಟರ್, ಸೋರುವ ನಾಝಲ್, ತಡವಾದ ಟೈಮಿಂಗ್.

• ಬಿಳಿ ಹೊಗೆ: ಡೀಸೆಲ್ ಉರಿಯದೆ ಆವಿಯಾಗಿ ಬರುತ್ತಿದೆ. ತಣ್ಣಗಿರುವ ಎಂಜಿನ್, ಕಂಪ್ರೆಷನ್ ಇಳಿದಿರುವುದು, ಇಲ್ಲವೇ ಒಳಗೆ ನೀರು. ಬೆಳಗಿನ ಮೊದಲ ನಿಮಿಷ ಬಂದು ನಿಂತರೆ ಚಿಂತೆಯಿಲ್ಲ.

• ನೀಲಿ ಹೊಗೆ: ಎಂಜಿನ್ ಆಯಿಲ್ ಸುಡುತ್ತಿದೆ. ರಿಂಗು, ವಾಲ್ವ್ ಗೈಡ್ ಸವೆದಿವೆ.

• ವೇಗ ಏರಿಸಿದ ಕ್ಷಣ ಬುಸ್ ಎಂದು ಬಂದು ಹೋಗುವ ಕಪ್ಪು ಸಹಜ. ಒಂದೇ ವೇಗದಲ್ಲಿ ಹೋಗುವಾಗಲೂ ನಿಲ್ಲದ ಕಪ್ಪು ರೋಗ.

ಸ್ಕ್ರೂ ತಿರುಗಿಸುವ ಮುನ್ನ

‘ಮಿಕ್ಸ್ಚರ್ ಸರಿ ಮಾಡಿ’ ಎಂಬುದು ಪೆಟ್ರೋಲ್ ಗಾಡಿಯಿಂದ ಬಂದ ಮಾತು. ಅಲ್ಲಿ ಕಾರ್ಬ್ಯುರೇಟರ್ ಇತ್ತು, ಪೆಟ್ರೋಲ್ಲೂ ಗಾಳಿಯೂ ಮೊದಲೇ ಬೆರೆತು ಒಳಗೆ ಹೋಗುತ್ತಿದ್ದವು, ಒಂದು ಸ್ಕ್ರೂ ಹದ ಹೇಳುತ್ತಿತ್ತು. ಡೀಸೆಲ್ ಎಂಜಿನ್‌ಗೆ ಅಂಥ ಸ್ಕ್ರೂ ಇಲ್ಲ. ಗಾಳಿ ತನ್ನಷ್ಟಕ್ಕೆ ತುಂಬಿಕೊಳ್ಳುತ್ತದೆ, ಅದನ್ನು ತಡೆಯುವ ಬಾಗಿಲೇ ಇಲ್ಲ. ಬದಲಾಗುವುದು ಡೀಸೆಲ್ ಮಾತ್ರ. ಹೊರೆ ಬಿದ್ದು ವೇಗ ಇಳಿದರೆ ಗವರ್ನರ್ ‘ಇನ್ನಷ್ಟು ಹಾಕು’ ಎಂದು ಪಂಪಿಗೆ ಹೇಳುತ್ತದೆ. ಪಂಪು ಹಾಕುತ್ತದೆ. ಗಾಳಿ ಸಾಕೋ ಇಲ್ಲವೋ ಎಂದು ಕೇಳುವವರು ಯಾರೂ ಇಲ್ಲ.

ಖಾಲಿ ದೋಣಿಗೆ ಹೊಗೆಯಿಲ್ಲ, ತುಂಬಿದ ದೋಣಿಗೆ ಹೊಗೆ: ಗುಟ್ಟು ಇಲ್ಲಿದೆ.

ಪಂಪಿನಲ್ಲಿ ಒಂದು ತಡೆ ಇರುತ್ತದೆ, ಇದಕ್ಕಿಂತ ಹೆಚ್ಚು ಡೀಸೆಲ್ ಬೇಡ ಎನ್ನುವ ಗಡಿ. ಪ್ರವಾಹದ ದಿನ ದೋಣಿ ಎಳೆಯುತ್ತಿಲ್ಲವೆಂದು ಅದನ್ನು ಸಡಿಲಿಸುವವರು ಉಂಟು. ಶಕ್ತಿ ಚೂರು ಹೆಚ್ಚುತ್ತದೆ, ಹೊಗೆ ರಾಶಿ ಹೆಚ್ಚುತ್ತದೆ. ಲಾಟೀನಿನ ಬತ್ತಿ ಏರಿಸಿದ ಹಾಗೆ. ಹೊಗೆ ಹೆಚ್ಚಾಯಿತೆಂದು ಅದನ್ನೇ ಬಿಗಿ ಮಾಡಿದರೆ ಹೊಗೆ ಇಳಿಯುತ್ತದೆ, ದೋಣಿ ನಡುಹೊಳೆಯಲ್ಲಿ ಏದುಸಿರು ಬಿಡುತ್ತದೆ. ಮುಂದಿನ ವಾರ ಮತ್ತೆ ಸಡಿಲ.

ಹಾಗಾದರೆ ಎಂಜಿನ್ನಿನಲ್ಲಿ ಮೊದಲು ಕೈ ಹಾಕಬೇಕಾದ್ದು ಎಲ್ಲಿಗೆ? ಗಾಳಿಗೆ.

ಒಣದಡದ ದೂಳು, ಮಗ್ಗದೂರಿನ ಹತ್ತಿಯ ನಾರು, ಹುಳುಹುಪ್ಪಟೆ ಎಲ್ಲವೂ ಏರ್ ಫಿಲ್ಟರಿನಲ್ಲಿ ಕೂರುತ್ತವೆ. ತಳದಲ್ಲಿ ಎಣ್ಣೆ ಹಾಕುವ ಫಿಲ್ಟರ್ ಆದರೆ ಆ ಎಣ್ಣೆ ಕೆಸರಾಗಿರುತ್ತದೆ. ತೊಳೆದು, ಗುರುತಿನವರೆಗೆ ಹೊಸ ಎಣ್ಣೆ ಹಾಕಿದರೆ ಅರ್ಧ ಗಂಟೆಯ ಕೆಲಸ, ಖರ್ಚು ಅತ್ಯಲ್ಪ.

ಇನ್ನೊಂದು, ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದ ಕಳ್ಳ: ಬಿಸಿ. ಮಳೆ ಬಾರದಿರಲೆಂದು, ಸದ್ದು ಕಮ್ಮಿಯಾಗಲೆಂದು ಎಂಜಿನ್ ಸುತ್ತ ಪೆಟ್ಟಿಗೆ ಕಟ್ಟುತ್ತಾರೆ. ಒಳಗೆ ಕಾದ ಗಾಳಿಯನ್ನೇ ಎಂಜಿನ್ ಮತ್ತೆ ಎಳೆದುಕೊಳ್ಳುತ್ತದೆ. ಕಾದ ಗಾಳಿ ತೆಳು. 20 ಡಿಗ್ರಿಯ ಗಾಳಿಗೆ ಹೋಲಿಸಿದರೆ 60 ಡಿಗ್ರಿಯ ಗಾಳಿ ಶೇ 12ರಷ್ಟು ಹಗುರ. ಅಂದರೆ ನೂರು ಪಾಲು ಗಾಳಿ ಬೇಕಾದಲ್ಲಿ ಎಂಬತ್ತೆಂಟು. ಸೇಲಂ ಬಿಸಿಲಿಗೆ ಇದು ತಮಾಷೆಯಲ್ಲ. ಪೆಟ್ಟಿಗೆಯ ಎರಡು ಬದಿ ಕಿಟಕಿ ಕೊಯ್ದರೆ, ಇಲ್ಲವೇ ಒಂದು ಕೊಳವೆಯಿಂದ ಹೊರಗಿನ ತಂಪುಗಾಳಿಯನ್ನೇ ಫಿಲ್ಟರಿಗೆ ಕೊಟ್ಟರೆ ಅದೇ ದೋಣಿಯ ಊದುಗೊಳವೆ.

ಗಾಳಿ ಒಳಬರುವ ದಾರಿಯಷ್ಟೇ ಹೊರಹೋಗುವ ದಾರಿಯೂ ಮುಖ್ಯ. ಸೈಲೆನ್ಸರ್ ಒಳಗೆ ವರ್ಷಗಳ ಮಸಿ ಕಟ್ಟಿದ್ದರೆ ಸುಟ್ಟ ಗಾಳಿ ಪೂರ್ತಿ ಹೊರಬೀಳದು, ಹೊಸ ಗಾಳಿಗೆ ಜಾಗ ಸಿಗದು. ಹೊಗೆಯೇ ಹೊಗೆಯನ್ನು ಹೆರುತ್ತದೆ.

ಕಿರ್ರ್ ಎಂದರೆ ಕ್ಷೇಮ

ಗಾಳಿ ಸರಿಯಾದ ಮೇಲೆ ನಾಝಲ್. ಕೂದಲೆಳೆಯಂಥ ತೂತುಗಳಿಂದ ಡೀಸೆಲ್ ಮಂಜಿನಂತೆ ಚಿಮ್ಮಬೇಕು. ತೂತು ಸವೆದರೆ, ಮಸಿ ಕಟ್ಟಿದರೆ ಮಂಜಿನ ಬದಲು ಪಿಚಕಾರಿ. ದಪ್ಪ ಹನಿ ಹೊರಗಿನಿಂದ ಮಾತ್ರ ಉರಿದು ಒಳಗೆ ಇದ್ದಿಲಾಗುತ್ತದೆ.

ಡೀಸೆಲ್ ಪಂಪ್ ರಿಪೇರಿ ಅಂಗಡಿಗಳಲ್ಲಿ ಇದಕ್ಕೊಂದು ಪರೀಕ್ಷೆ ಇದೆ. ನಾಝಲನ್ನು ಕೈಪಂಪಿಗೆ ಕಟ್ಟಿ ಒತ್ತುತ್ತಾರೆ, ಒತ್ತಡದ ಮುಳ್ಳು ಏರುತ್ತದೆ. ನಾವು ಹೇಳಿದ ಜಾತಿಯ ಎಂಜಿನ್ನಿಗೆ ಸುಮಾರು 200 ಬಾರ್ ಒತ್ತಡದಲ್ಲಿ ನಾಝಲ್ ಬಾಯಿ ತೆರೆಯಬೇಕು. ಕಾರಿನ ಟ್ಯೂಬ್‌ಲೆಸ್ ಟೈರಿನಲ್ಲಿ ಇರುವುದು ಎರಡೂಕಾಲು ಬಾರ್ ಎಂದರೆ ಅಂದಾಜಾದೀತು. ಒಳ್ಳೆಯ ನಾಝಲ್ ‘ಕಿರ್ರ್’ ಎಂದು ಹಾಡುತ್ತಾ ಚಿಮ್ಮಿ, ಒತ್ತಡ ಇಳಿದೊಡನೆ ಬಾಯಿ ಒರೆಸಿಕೊಂಡಂತೆ ಒಣಗಿ ನಿಲ್ಲುತ್ತದೆ. ಕೆಟ್ಟದ್ದು ಮೌನವಾಗಿ ಸುರಿದು, ಆಮೇಲೂ ತೊಟ್ಟಿಕ್ಕುತ್ತದೆ. ಆ ಚಿಮ್ಮಿಗೆ ಕೈ ಒಡ್ಡಬಾರದು. ಡೀಸೆಲ್ ಸೂಜಿಯಂತೆ ಚರ್ಮ ತೂರಿ ಮಾಂಸಕ್ಕೆ ಇಳಿಯುತ್ತದೆ, ಬೆರಳೇ ಹೋಗಬಹುದು.

ಆಮೇಲೆ ಟೈಮಿಂಗ್. ಪಿಸ್ಟನ್ ಗಾಳಿಯನ್ನು ಹದಿನಾರು ಹದಿನೇಳು ಪಟ್ಟು ಕುಗ್ಗಿಸಿ ಮೇಲೆ ಮುಟ್ಟುವ ಮುನ್ನವೇ ಡೀಸೆಲ್ ಬೀಳಬೇಕು. ಈ ಜಾತಿಯ ಎಂಜಿನ್ನಿಗೆ ಸುತ್ತಿನ 23 ಡಿಗ್ರಿ ಮುಂಚೆ. ತಡವಾಗಿ ಬಿದ್ದರೆ ಉರಿ ಮುಗಿಯುವ ಹೊತ್ತಿಗೆ ಪಿಸ್ಟನ್ ಕೆಳಗಿಳಿದು ಎಲ್ಲ ತಣ್ಣಗಾಗುತ್ತದೆ, ಮಸಿ ಸುಡದೆ ಹೊರಬೀಳುತ್ತದೆ. ಹೊಂದಿಸುವುದು ಪಂಪಿನ ಕೆಳಗಿನ ತಗಡಿನ ಶಿಮ್‌ಗಳಿಂದ: ಒಂದು ತೆಗೆದರೆ ಡೀಸೆಲ್ ತುಸು ಮುಂಚೆ, ಒಂದು ಸೇರಿಸಿದರೆ ತುಸು ತಡ. ಮುಂಚೆಯೇ ಒಳ್ಳೆಯದೆಂದು ಅತಿ ಮಾಡಿದರೆ ಎಂಜಿನ್ ಕಲ್ಲು ಕುಟ್ಟಿದಂತೆ ಬಡಿಯುತ್ತದೆ, ಮಸಿ ಇಳಿದರೂ ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡುಗಳು ಏರುತ್ತವೆ. ಕಂಪನಿ ಹೇಳಿದ ಅಂಕಿಯೇ ಹದ.

ಕನ್ನಡದ ಮೆಕ್ಯಾನಿಕ್‌ಗಳ ಬಾಯಲ್ಲಿ ನಾಝಲ್, ಪಂಪಿನಂಥ ಸಾಮಾನಿಗೆ ‘ಮೈಕೋ’ ಎಂಬ ಹೆಸರು ಅಂಟಿಕೊಂಡಿದೆ. 1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿತು. ಬಡಾವಣೆಯ ಹೆಸರಿನಲ್ಲಿ ಮೈಕೋ ಉಳಿದಿದೆ. ಎಂಜಿನ್ನಿನ ಕಡೆಯೂ ಒಂದು ಕನ್ನಡ ನೆಲದ ಎಳೆ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಆ ಮನೆತನದ ಎಣ್ಣೆ ಎಂಜಿನ್ ಕಂಪನಿ 1946ರಲ್ಲಿ ಪುಣೆಯಲ್ಲಿ ಶುರುವಾಗಿ ದೇಶದ ಬಾವಿ, ಹೊಲಗಳನ್ನು ಮುಟ್ಟಿತು. ಸೈಕಲ್‌ಗೆ ಗಾಳಿ ಹೊಡೆದವರಿಗೆ ಪಂಪಿನ ಬುಡ ಬಿಸಿಯಾಗುವುದು ಗೊತ್ತು. ಕುಗ್ಗಿದ ಗಾಳಿ ಕಾಯುತ್ತದೆ. ಬೆಂಕಿಕಡ್ಡಿಯಿಲ್ಲದೆ ಡೀಸೆಲ್ ಹೊತ್ತಿಕೊಳ್ಳುವುದು ಇದೇ ಕಾವಿನಿಂದ.

ನೀರಿನಡಿಯ ಅಪರಾಧಿ

ಇದಿಷ್ಟು ಎಂಜಿನ್ನಿನ ಮಾತು. ಅದನ್ನು ಬಿಚ್ಚುವ ಮೊದಲೇ ನೀರೊಳಗೆ ಬಗ್ಗಿ ನೋಡಿ.

ಲಾರಿಗೆ ಗೇರು ಇದೆ, ಏರಿನಲ್ಲಿ ಇಳಿಸಿಕೊಳ್ಳಬಹುದು. ದೋಣಿಗೆ ಪ್ರೊಪೆಲ್ಲರೇ ಗೇರು. ಒಮ್ಮೆ ಕೂರಿಸಿದರೆ ಮುಗಿಯಿತು. ಅದರ ಎಲೆಗಳು ಅಗಲವಾಗಿದ್ದರೆ, ಓರೆ ಹೆಚ್ಚಾಗಿದ್ದರೆ ಎಂಜಿನ್ ತನ್ನ ಪೂರ್ತಿ ವೇಗ ಮುಟ್ಟುವುದೇ ಇಲ್ಲ. ದಿನವಿಡೀ ಟಾಪ್ ಗೇರಿನಲ್ಲಿ ಘಾಟಿ ಹತ್ತಿದ ಹಾಗೆ. ಗವರ್ನರ್ ಪೂರ್ತಿ ಡೀಸೆಲ್ ತೆರೆದೇ ಇಟ್ಟಿರುತ್ತದೆ.

ಪ್ರೊಪೆಲ್ಲರಿನ ಲೆಕ್ಕ ಬಲು ಕ್ರೂರ. ಅದನ್ನು ಶೇ 10 ಹೆಚ್ಚು ವೇಗವಾಗಿ ತಿರುಗಿಸಲು ಶೇ 33 ಹೆಚ್ಚು ಶಕ್ತಿ ಬೇಕು. ಹೊಳೆ ದಾಟುವ ಸಮಯದಲ್ಲಿ ಒಂದೆರಡು ನಿಮಿಷ ಉಳಿಸಲು ವೇಗದ ಕೈ ಪೂರ್ತಿ ಎಳೆಯುವವರು ಡೀಸೆಲ್ ಸುರಿದು ಹೊಗೆ ಕೊಳ್ಳುತ್ತಾರೆ. ಕೈ ತುಸು ಹಿಂದೆ ಸರಿಸಿದರೆ ಎಷ್ಟೋ ಸಲ ಹೊಗೆ ತಾನಾಗಿ ಹೋಗುತ್ತದೆ. ಇದಕ್ಕೆ ಸ್ಪ್ಯಾನರೂ ಬೇಡ.

ದೋಣಿಯ ತಳದಲ್ಲಿ ಪಾಚಿ ಬೆಳೆದರೂ ಇದೇ ಕಥೆ. ನಿಂತ ನೀರಿನ ಕಾವೇರಿಯಲ್ಲಿ ಅಂತರಗಂಗೆ ಕಳೆ ಕೆಲವು ತಿಂಗಳು ಹಸಿರು ಚಾಪೆ ಹಾಸುತ್ತದೆ. ಅದರ ಬೇರು ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಎಂಜಿನ್ ಕೊರಳಿಗೆ ಹಗ್ಗ.

ಕೊನೆಯದು ಜನ. ಆಡಿ ಹದಿನೆಂಟರಂದು ಎಲ್ಲರಿಗೂ ಆಚೆ ದಡಕ್ಕೆ ಈಗಲೇ ಹೋಗಬೇಕು. ದೋಣಿ ನೀರಿಗೆ ಇಳಿದಷ್ಟೂ ಎಂಜಿನ್‌ಗೆ ಭಾರ. ಕೊಳವೆಯ ಕರಿಹೊಗೆ ಮೆಕ್ಯಾನಿಕ್‌ಗೆ ಕಾಣುವ ಮೊದಲೇ ಪ್ರಯಾಣಿಕರಿಗೆ ಕಾಣುತ್ತದೆ. ದೋಣಿ ಹೇಳುತ್ತಿರುವುದು ಒಂದೇ ಮಾತು: ಇನ್ನು ಹತ್ತಬೇಡಿ.

ಬಾಕ್ಸ್: ಅನುಕ್ರಮ ತಪ್ಪಬಾರದು

1. ಹೊರೆ ಇಳಿಸಿ, ವೇಗದ ಕೈ ತುಸು ಹಿಂದೆ ತನ್ನಿ. ಹೊಗೆ ಹೋಯಿತೇ? ಎಂಜಿನ್ ಸರಿಯಿದೆ.

2. ಪ್ರೊಪೆಲ್ಲರ್, ದೋಣಿಯ ತಳ ನೋಡಿ.

3. ಏರ್ ಫಿಲ್ಟರ್ ತೊಳೆಯಿರಿ, ಎಂಜಿನ್ ಪೆಟ್ಟಿಗೆಗೆ ಗಾಳಿ ಬಿಡಿ.

4. ಸೈಲೆನ್ಸರ್ ಮಸಿ ಕೆರೆಯಿರಿ.

5. ಡೀಸೆಲ್ ಫಿಲ್ಟರ್ ಬದಲಿಸಿ, ಟ್ಯಾಂಕಿನ ತಳದ ನೀರು ಬಿಡಿ.

6. ನಾಝಲ್ ಪರೀಕ್ಷೆ, ಆಮೇಲೆ ಟೈಮಿಂಗ್, ವಾಲ್ವ್ ಸಂದು, ಕಂಪ್ರೆಷನ್.

7. ಎಲ್ಲ ಮುಗಿದ ಮೇಲೆ ಡೀಸೆಲ್ ಗಡಿಯ ಸ್ಕ್ರೂ. ಅದೂ ಕಂಪನಿ ಹೇಳಿದ ಜಾಗಕ್ಕೆ ಮರಳಿಸಲು ಮಾತ್ರ.

ಕಡಲಿನವರ ಕಥೆ ಬೇರೆ

ನಮ್ಮ ಕರಾವಳಿಯ ನಾಡದೋಣಿಗಳನ್ನು ನೋಡಿದವರು ಕೇಳಬಹುದು: ಅಲ್ಲಿ ಸ್ಕ್ರೂ ತಿರುಗಿಸಿಯೇ ಸರಿ ಮಾಡುತ್ತಾರಲ್ಲ? ನಿಜ. ಮಲ್ಪೆ, ಗಂಗೊಳ್ಳಿ, ಉಪ್ಪುಂದದ ನಾಡದೋಣಿಗಳ ಹಿಂಬದಿಗೆ ತೂಗುವ ಔಟ್‌ಬೋರ್ಡ್ ಎಂಜಿನ್ ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವ ಜಾತಿ. ಅದರಲ್ಲಿ ಕಾರ್ಬ್ಯುರೇಟರ್ ಇದೆ, ಹದದ ಸ್ಕ್ರೂ ಇದೆ.

ಅಲ್ಲಿ ಅಪಾಯ ಇನ್ನೊಂದು ದಿಕ್ಕಿನಲ್ಲಿದೆ. ಟೂ ಸ್ಟ್ರೋಕ್ ಎಂಜಿನ್‌ಗೆ ಎಣ್ಣೆಯ ಪಸೆ ಸಿಗುವುದೇ ಇಂಧನದ ಜೊತೆ. ಹೊಗೆ ಕಮ್ಮಿಯಾಗಲೆಂದು ಹದ ತೀರಾ ತೆಳು ಮಾಡಿದರೆ ಉರಿ ವಿಪರೀತ ಕಾಯುತ್ತದೆ, ಪಸೆ ಒಣಗುತ್ತದೆ, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ದಡದಿಂದ ಮೈಲುಗಟ್ಟಲೆ ಆಚೆ ಎಂಜಿನ್ ಜಾಮ್ ಆಗುವುದಕ್ಕಿಂತ ತುಸು ಹೊಗೆ ಮೇಲು ಎಂದು ಕಡಲಿಗಿಳಿಯುವವರು ತಿಳಿದಿರುತ್ತಾರೆ. ಒಂದೇ ‘ದೋಣಿ ಹೊಗೆ’ಗೆ ಎರಡು ಶಾಸ್ತ್ರ. ಒಂದರ ಮದ್ದು ಇನ್ನೊಂದಕ್ಕೆ ವಿಷ.

ಮಸಿಯ ಬೆಲೆ

ಕಾಣುವ ಮಸಿಯನ್ನೆಲ್ಲ ಒಟ್ಟು ಮಾಡಿದರೂ ಅದು ಸುರಿದ ಡೀಸೆಲ್‌ನ ಸಣ್ಣ ಪಾಲು. ನಿಜವಾದ ನಷ್ಟ ಕಾಣದ್ದು. ಹೊಗೆಯುಗುಳುವ ಎಂಜಿನ್ನಿನಲ್ಲಿ ಡೀಸೆಲ್ ತಡವಾಗಿ ಉರಿದು, ಪಿಸ್ಟನ್ ತಳ್ಳುವ ಬದಲು ಸೈಲೆನ್ಸರ್ ಕಾಯಿಸುತ್ತದೆ. ಸಿಲಿಂಡರ್ ಗೋಡೆಯ ಮಸಿ ಕೆಳಗಿಳಿದು ಎಂಜಿನ್ ಆಯಿಲನ್ನು ಬೇಗ ಕಪ್ಪು ಮಾಡಿ ದಪ್ಪಗಾಗಿಸುತ್ತದೆ, ರಿಂಗುಗಳು ಅಂಟಿಕೊಳ್ಳುತ್ತವೆ. ಕಪ್ಪು ಹೊಗೆಯ ಎಂಜಿನ್ ಕೆಲವೇ ವರ್ಷಗಳಲ್ಲಿ ನೀಲಿ ಹೊಗೆಯ ಎಂಜಿನ್ ಆಗುವುದು ಹೀಗೆ.

ಎದೆಗೂ ಬೆಲೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರ ಜೂನ್‌ನಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಪ್ರಯಾಣಿಕ ಆ ಹೊಗೆ ಕುಡಿಯುವುದು ಹೊಳೆ ದಾಟುವಷ್ಟು ಹೊತ್ತು. ಚುಕ್ಕಾಣಿ ಹಿಡಿದವನು ಕುಡಿಯುವುದು ಜೀವಮಾನವಿಡೀ.

ಕಾಯ್ದೆಯೂ ಈ ಕಡೆ ತಿರುಗಿದೆ. 1917ರ ಹಳೆಯ ಒಳನಾಡು ಹಡಗು ಕಾಯ್ದೆಯ ಜಾಗಕ್ಕೆ 2021ರಲ್ಲಿ ಬಂದ ಹೊಸ ಕಾಯ್ದೆಯಲ್ಲಿ ದೋಣಿಗಳ ಮಾಲಿನ್ಯ ತಡೆಗೂ ಜಾಗವಿದೆ. 2020ರ ಏಪ್ರಿಲ್‌ನಿಂದ ದೇಶದ ಬಂಕುಗಳಲ್ಲಿ ಸಿಗುವ ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ ಹತ್ತು ಪಾಲಿಗಿಂತ ಹೆಚ್ಚಿರುವಂತಿಲ್ಲ. ಡೀಸೆಲ್ ಶುದ್ಧವಾಗಿದೆ, ಉರಿಸುವ ಒಲೆ ಹಳೆಯದೇ ಇದೆ.

ಮುಂದಿನ ದಾರಿಯನ್ನು ‘ಕುಟ್ಟಿ ಕೇರಳ’ಕ್ಕೆ ನಿಜವಾದ ಕೇರಳವೇ ತೋರಿಸಿದೆ. ವೈಕ್ಕಂ ಮತ್ತು ತವಣಕ್ಕಡವು ನಡುವೆ 2017ರ ಜನವರಿಯಿಂದ ‘ಆದಿತ್ಯ’ ಎಂಬ ಸೌರದೋಣಿ 75 ಜನರನ್ನು ಹೊತ್ತು ಓಡಾಡುತ್ತಿದೆ. ಕೊಳವೆಯೂ ಇಲ್ಲ, ಹೊಗೆಯೂ ಇಲ್ಲ. ಸೇತುವೆ ಬಂದರೆ ದೋಣಿಯೇ ಇಲ್ಲ, ಅದು ಇನ್ನೊಂದು ದಾರಿ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಸೇತುವೆ ತೆರೆದ ಮೇಲೆ ಸಿಗಂದೂರಿನ ಲಾಂಚಿನ ಗತಿ ನಾವೇ ಕಂಡಿದ್ದೇವೆ. ಸೌರದೋಣಿಯೋ ಸೇತುವೆಯೋ ಬರುವವರೆಗೆ ಇರುವ ಎಂಜಿನ್ನನ್ನೇ ಹದದಲ್ಲಿ ಇಟ್ಟುಕೊಳ್ಳಬೇಕು.

ಬಾಕ್ಸ್: ಚೂರುಪಾರು

• ರುಡಾಲ್ಫ್ ಡೀಸೆಲ್‌ನ ಮೊದಲ ಯಶಸ್ವಿ ಎಂಜಿನ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿತು. 1913ರ ಸೆಪ್ಟೆಂಬರ್ 29ರ ರಾತ್ರಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟವನು ಬೆಳಗಾಗುವಷ್ಟರಲ್ಲಿ ಕಾಣೆಯಾದ. ಶವ ಸಮುದ್ರದಲ್ಲಿ ಸಿಕ್ಕಿತು.

• 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು!

• ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರ್ ಓಡಿಸಿ ತೋರಿಸಿದರು.

• 1912ರಲ್ಲಿ ಕೋಪನ್‌ಹೇಗನ್‌ನಿಂದ ಹೊರಟ ‘ಸೆಲಾಂಡಿಯಾ’ ಸಾಗರ ದಾಟಿದ ಮೊದಲ ದೊಡ್ಡ ಡೀಸೆಲ್ ಹಡಗುಗಳಲ್ಲೊಂದು. ಅದಕ್ಕೆ ಉಗಿಹಡಗಿನಂಥ ಹೊಗೆಗೂಡೇ ಇರಲಿಲ್ಲ. ಆ ಕಾಲಕ್ಕೆ ಡೀಸೆಲ್ ಎಂದರೆ ಹೊಗೆಯಿಲ್ಲದ್ದು ಎಂದರ್ಥ.

ಬಿಳಿ ಬಟ್ಟೆಯ ಸಾಕ್ಷಿ

ಹೊಗೆ ಇಳಿಯಿತೋ ಇಲ್ಲವೋ ತಿಳಿಯುವುದು ಹೇಗೆ? ಕಣ್ಣು ಮೋಸಗಾರ. ಆಕಾಶದ ಬೆಳಕು ಬದಲಾದರೆ ಅದೇ ಹೊಗೆ ಒಮ್ಮೆ ತೆಳುವಾಗಿ, ಒಮ್ಮೆ ದಟ್ಟವಾಗಿ ಕಾಣುತ್ತದೆ. 1888ರಲ್ಲೇ ರಿಂಗಲ್‌ಮನ್ ಎಂಬ ಫ್ರೆಂಚ್ ಪ್ರಾಧ್ಯಾಪಕ ಬಿಳಿ ಹಾಳೆಯ ಮೇಲೆ ಕಪ್ಪು ಗೆರೆಗಳ ಜಾಲ ಬರೆದು, ಸೊನ್ನೆಯಿಂದ ಐದರವರೆಗೆ ಹೊಗೆಗೆ ಅಂಕ ಕೊಟ್ಟಿದ್ದ. ಪ್ರಯೋಗಾಲಯಗಳಲ್ಲಿ ಬಾಷ್ ಕ್ರಮ ಬಂತು: ಅಳತೆಯಷ್ಟು ಹೊಗೆಯನ್ನು ಬಿಳಿಯ ಸೋಸುಕಾಗದದ ಮೂಲಕ ಎಳೆದು, ಕಾಗದ ಎಷ್ಟು ಕಪ್ಪಾಯಿತೆಂದು ಬೆಳಕು ಬಿಟ್ಟು ಅಳೆಯುವುದು.

ದೋಣಿಕಟ್ಟೆಗೆ ಅಷ್ಟು ದೊಡ್ಡ ಯಂತ್ರ ಬೇಡ. ಎಡಪ್ಪಾಡಿಯಂಥ ಮಗ್ಗದೂರಿನಲ್ಲಿ ಬಿಳಿ ಬಟ್ಟೆಯ ತುಂಡಿಗೇನು ಬರ? ಬಾಷ್ ಕಾಗದದ ಕೆಲಸವನ್ನು ಅದೇ ಮಾಡೀತು. ಒಂದು ತುಂಡನ್ನು ಕೋಲಿನ ತುದಿಗೆ ಕಟ್ಟಿ, ಎಂಜಿನ್ ಬಿಸಿಯಾದ ಮೇಲೆ ದಡಕ್ಕೆ ಬಿಗಿದ ದೋಣಿಯ ಹೊಗೆಕೊಳವೆಯಿಂದ ಒಂದು ಗೇಣು ದೂರದಲ್ಲಿ ಹತ್ತು ಎಣಿಸುವಷ್ಟು ಹೊತ್ತು ಹಿಡಿದರಾಯಿತು. ಪ್ರತಿ ತಿಂಗಳೂ ಅದೇ ವೇಗ, ಅದೇ ದೂರ, ಅದೇ ಹತ್ತು. ಮೇಲೆ ತಾರೀಕು, ಆ ತಿಂಗಳು ಏನು ರಿಪೇರಿ ಮಾಡಿದಿರಿ ಎಂಬ ಒಂದು ಸಾಲು. ಟಿಕೆಟ್ ಪುಸ್ತಕದ ಪಕ್ಕದಲ್ಲಿ ಆ ತುಂಡುಗಳನ್ನು ಪಿನ್ನು ಚುಚ್ಚಿ ಇಟ್ಟರೆ ಅದೇ ಎಂಜಿನ್ನಿನ ಜಾತಕ. ಯಾವ ತಿಂಗಳು ನಾಝಲ್ ಕೈಕೊಟ್ಟಿತು, ಯಾವ ತಿಂಗಳು ಫಿಲ್ಟರ್ ಮರೆತರು, ಎಲ್ಲ ಬಣ್ಣದಲ್ಲೇ ಬರೆದಿರುತ್ತದೆ.

ಮುಂದಿನ ಆಡಿ ಹದಿನೆಂಟಕ್ಕೆ ಇಂಥ ಹನ್ನೆರಡು ತುಂಡುಗಳಾಗುತ್ತವೆ. ಮೊದಲನೆಯದು ಲಾಟೀನಿನ ಗಾಜಿನಷ್ಟು ಕಪ್ಪಾಗಿರಲಿ, ಪರವಾಗಿಲ್ಲ. ಹನ್ನೆರಡನೆಯದು ಒಗೆಯದೆಯೇ ಹೆಗಲಿಗೆ ಹಾಕಿಕೊಳ್ಳುವಂತಿದ್ದರೆ, ಹಿಂದಿನ ಬೆಂಚಿನಲ್ಲಿ ಹೊಸ ಪಂಚೆ ಉಟ್ಟು ಕೂತ ಮದುಮಗನನ್ನು ಧೈರ್ಯವಾಗಿ ಆಚೆ ದಡಕ್ಕೆ ದಾಟಿಸಬಹುದು.